ಬೂದಿಯಾಗಿದ್ದ ಬಂಪರ್‌ಗೆ ಅಗಸೆ ಎಣ್ಣೆ: ನನ್ನ ಅನುಭವ

ಗಾಡಿ 2003ರ ಮಾರುತಿ 800, ಬಿಳಿ ಬಣ್ಣದ್ದು. ಅಪ್ಪ ಹೊಸದಾಗಿ ತಗೊಂಡಿದ್ದು. ಹುಬ್ಬಳ್ಳಿ ಬಿಸಿಲಲ್ಲಿ ನೆರಳಿಲ್ಲದೆ ಇಪ್ಪತ್ತು ವರ್ಷ ನಿಂತು ಎರಡೂ ಬಂಪರ್, ಡೋರಿನ ಪಟ್ಟಿ, ಕನ್ನಡಿ ಕವರ್, ವೈಪರ್ ಬುಡದ ಪ್ಲಾಸ್ಟಿಕ್ ಎಲ್ಲಾ ಕಪ್ಪು ಹೋಗಿ ಬೂದಿ ಬಳಿದ ಹಾಗಾಗಿತ್ತು. ಸಂಕ್ರಾಂತಿಗೆ ಅಗಸೆ ಎಣ್ಣೆ ಹಚ್ಚಿದೆ. ಈಗ ದಸರಾ ಬಂತು, ಒಂದು ಇಡೀ ಬೇಸಿಗೆ, ಒಂದು ಇಡೀ ಮಳೆಗಾಲ ಕಳೆದಿದೆ. ಬಂಪರ್ ಇನ್ನೂ ಕಪ್ಪಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಯಾರೂ ನಂಬಲಿಲ್ಲ. "ಪ್ಲಾಸ್ಟಿಕ್ ಏನ್ ಕಟ್ಟಿಗಿ ಏನ್ರೀ ಸರ, ಎಣ್ಣಿ ಕುಡಿಯಾಕ?" ಅಂದಿದ್ದರು ನಮ್ಮ ಓಣಿಯ ಪೇಂಟರ್. ಭಾವ ಇನ್ನೂ ಸುಲಭದ ದಾರಿ ಹೇಳಿದರು: "ಹೊಸಾ ಬಂಪರ್ ಹಾಕಿಸಿಬಿಡೋ, ಸಾವಿರದಾಗ ಮುಗೀತದ." ಹಾಗೆ ಸಿಗೋದು ಲೋಕಲ್ ಮಾಲು. ಅದರ ಫಿಟಿಂಗ್ ಎಂಥದ್ದು ಅಂತ 800 ಇಟ್ಟವರಿಗೆ ಗೊತ್ತು, ಫೆಂಡರ್ ಪಕ್ಕ ಬೆರಳು ತೂರುವಷ್ಟು ಸಂದಿ ಬಿಡುತ್ತೆ. ಕಂಪನಿಯಿಂದ ಬಂದ ಬಂಪರ್ ಒಡೆಯದೆ ಇರುವಾಗ ಅದನ್ನು ಗುಜರಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಅದಕ್ಕೂ ಮೊದಲು ಕಳಕೊಂಡ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಡ್ಯಾಶ್‌ಬೋರ್ಡ್ ಪಾಲಿಶ್ ಮೂರು ಡಬ್ಬಿ, ಸುಮಾರು ಸಾವಿರ ರೂಪಾಯಿ. ಹಚ್ಚಿದ ದಿನ ಮಿಂಚುತ್ತೆ, ಎರಡು ಸಲ ತೊಳೆದರೆ ಮತ್ತೆ ಬೂದಿ. ಕೊಬ್ಬರಿ ಎಣ್ಣೆಯೂ ಅಷ್ಟೇ, ಮೇಲಿಂದ ಧೂಳು ಬೇರೆ ಹಿಡಿಯುತ್ತೆ. ಶೂ ಪಾಲಿಶ್ ಮೊದಲ ಮಳೆಗೇ ಇಳಿದು ಬಿಳಿ ಬಾಡಿ ಮೇಲೆ ಕಪ್ಪು ಗೆರೆ ಬಿಟ್ಟಿತು, ಅದನ್ನು ತೆಗೆಯಲು ಒಂದು ಭಾನುವಾರ ಹೋಯಿತು. ಸ್ಪ್ರೇ ಪೇಂಟ್ ಹೊಡೆಸಿದ್ದು ಹಿಂಬದಿಯ ಬಂಪರ್‌ಗೆ ಮಾತ್ರ, ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟೆ. ಪ್ಲಾಸ್ಟಿಕ್‌ಗೆ ಬಣ್ಣ ಹಿಡಿಯಲಿ ಅಂತ ಮೊದಲು ಬಳಿಯುವ ಪ್ರೈಮರ್ ಹಾಕದೆ ಹೊಡೆದಿದ್ದರು. ಆರನೇ ತಿಂಗಳಿಗೆ ವಾಟರ್ ಸರ್ವೀಸ್‌ನಲ್ಲಿ ನೀರಿನ ಹೊಡೆತಕ್ಕೆ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು.

ಹೀಟ್ ಗನ್, ಅಂದರೆ ಸುಡುಗಾಳಿ ಊದುವ ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕು. ಗನ್ ಹಿಡಿದ ಕಡೆಯೆಲ್ಲ ಕಪ್ಪು ವಾಪಸ್ ಬರೋದನ್ನು ಕಣ್ಣಾರೆ ನೋಡಿದಾಗ ಇನ್ನೇನು ಗೆದ್ದೆ ಅಂದುಕೊಂಡೆ. ನಾಲ್ಕೈದು ತಿಂಗಳಿಗೆ ಮತ್ತೆ ಬಿಳಿಚಿತು. ಎರಡನೇ ಸಲ ಮಾಡಿದಾಗ ಮೊದಲಿನಷ್ಟು ಕಪ್ಪು ಬರಲಿಲ್ಲ, ಬಲಗಡೆ ಮೂಲೆಯಲ್ಲಿ ಗನ್ ಒಂದು ಕ್ಷಣ ಜಾಸ್ತಿ ನಿಂತು ಅಲ್ಲಿನ ತರಿತರಿ ಕರಗಿ ನುಣುಪಾಯಿತು. ಆ ಗುರುತು ಈಗಲೂ ಇದೆ.

ಎಣ್ಣೆ ಯೋಚನೆ ಬಂದಿದ್ದು ನಂಬರ್ ಪ್ಲೇಟ್ ಬಿಚ್ಚಿದ ದಿನ. ಅದರ ಹಿಂದೆ ಇಪ್ಪತ್ತು ವರ್ಷ ಬಿಸಿಲು ಕಾಣದ ಜಾಗ. ಶೋರೂಮಿನಿಂದ ಬಂದ ಹಾಗೆ ಗಟ್ಟಿ ಕಪ್ಪು, ಹೊಳಪಿಲ್ಲ, ತರಿ ಕೂಡ ಹಾಗೇ ಇದೆ. ಅದರ ಪಕ್ಕದಲ್ಲೇ ಬೂದಿ. ನನಗೆ ಬೇಕಾಗಿದ್ದು ಆ ಕಪ್ಪು, ಪಾಲಿಶ್ ಮಿಂಚು ಅಲ್ಲ. ಮಗನ ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಅಗಸೆ ಎಣ್ಣೆ ಮನೆಯಲ್ಲೇ ಇತ್ತು, ಅದು ಒಣಗಿ ಪದರ ಆಗುತ್ತೆ ಅನ್ನೋದು ಗೊತ್ತಿತ್ತು.

ಮೊದಲು ಗಾಣದ ಎಣ್ಣೆಯನ್ನೇ ಹಚ್ಚಿ ಕೆಟ್ಟೆ. ಐದು ದಿನ ಅಂಟಂಟು, ನಮ್ಮೂರಿನ ಧೂಳೆಲ್ಲ ಅದರ ಮೇಲೆ. ಬೇಕಾಗಿದ್ದು ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಲಿನ್ಸೀಡ್. ಅದೂ ಅಗಸೆ ಎಣ್ಣೆಯೇ, ಆದರೆ ಅದರಲ್ಲಿ ಬೇಗ ಒಣಗಿಸುವ ಡ್ರೈಯರ್ ಇರುತ್ತೆ. ಅರ್ಧ ಲೀಟರ್‌ಗೆ ಇನ್ನೂರರ ಆಸುಪಾಸು. ಎರಡು ಪಾಲು ಎಣ್ಣೆ, ಒಂದು ಪಾಲು ಟರ್ಪೆಂಟೈನ್. ಇನ್ನೊಂದು ಪದಾರ್ಥ ಒಂದೆರಡು ಹನಿ ಹಾಕುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಿಲ್ಲದೆಯೂ ಕೆಲಸ ಆಗುತ್ತೆ.

ಹಚ್ಚೋದು ಅರ್ಧ ಗಂಟೆಯ ಕೆಲಸ. ಅದಕ್ಕೂ ಮುಂಚಿನ ಕ್ಲೀನಿಂಗ್ ನನಗೆ ಎರಡು ದಿನ ಹಿಡಿಯಿತು. ಹಳೇ ಪಾಲಿಶ್‌ನ ಸಿಲಿಕೋನ್ ತರಿಯೊಳಗೆ ಕೂತಿರುತ್ತೆ, ಅದರ ಮೇಲೆ ಏನೂ ಹಿಡಿಯಲ್ಲ. ಸೋಪು ಮತ್ತು ಬ್ರಷ್ ಆದ ಮೇಲೆ ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತಂದು, ಬಟ್ಟೆ ಕಪ್ಪಾಗೋದು ನಿಲ್ಲುವ ತನಕ ಒರೆಸಿದೆ. ನಾಲ್ಕು ಸುತ್ತು ಆಯಿತು. ಬಾಡಿ ಪಾಲಿಶ್ ಮೆತ್ತಿ ಬಿಳಿ ಕಲೆ ಆಗಿದ್ದ ಕಡೆ ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿದೆ, ಚೆನ್ನಾಗಿ ಬಂತು. ಆಮೇಲೆ ಒಂದು ದಿನ ಪೂರ್ತಿ ಒಣಗಲು ಬಿಟ್ಟೆ.

ಎಣ್ಣೆಯನ್ನು ನೆರಳಲ್ಲಿ, ತೆಳ್ಳಗೆ ಹಚ್ಚಿದೆ. ಇಪ್ಪತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆದೆ. ಎಲ್ಲಾ ಒರೆಸಿದರೆ ಉಳಿಯೋದೇನು ಅಂತ ಅನ್ನಿಸುತ್ತೆ, ಆದರೆ ಒಳಗೆ ಹೋಗಿದ್ದು ಸಾಕು. ಮೇಲೆ ನಿಂತದ್ದೇ ಅಂಟಾಗೋದು. ದಿನಕ್ಕೊಂದು ಕೋಟ್, ಮೂರು ದಿನ. ಮೂರನೇ ದಿನ ನಂಬರ್ ಪ್ಲೇಟಿನ ಹಿಂದಿನ ಕಪ್ಪಿಗೂ ಹೊರಗಿನದಕ್ಕೂ ಗೆರೆ ಹುಡುಕಬೇಕಾಯಿತು. ಒಟ್ಟು ಖರ್ಚು ಆರುನೂರು ದಾಟಿಲ್ಲ, ಎಣ್ಣೆ ಅರ್ಧಕ್ಕಿಂತ ಜಾಸ್ತಿ ಉಳಿದಿದೆ.

ಒಂದು ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ಮೊದಲ ದಿನ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಕೆಟ್‌ಗೆ ಹಾಕಿದ್ದೆ. ಸಂಜೆ ಕೈ ಹಾಕಿದರೆ ಒಳಗೆ ಬಿಸಿ, ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯಷ್ಟು. ಈ ಎಣ್ಣೆ ಒಣಗುವಾಗ ಶಾಖ ಬಿಡುತ್ತೆ, ಮುದ್ದೆಯಾಗಿದ್ದರೆ ತಾನಾಗೇ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ನೇತು ಹಾಕಿ, ಇಲ್ಲಾಂದ್ರೆ ನೀರಲ್ಲಿ ಮುಳುಗಿಸಿಡಿ.

ರಬ್ಬರಿಗೆ ಇದನ್ನು ಹಚ್ಚಬೇಡಿ. ಗ್ಯಾರೇಜಿನವರು ಹೇಳಿದರು ಅಂತ ಹಿಂದೆ ಡೋರ್ ಬೀಡಿಂಗ್‌ಗೆ ಡೀಸೆಲ್ ಒರೆಸಿದ್ದೆ. ಎರಡು ದಿನ ಕಪ್ಪು, ಆಮೇಲೆ ಊದಿಕೊಂಡು ಡೋರ್ ಹಾಕಲು ಜೋರು ಮಾಡಬೇಕಾಯಿತು. ಈಗ ಮೆಡಿಕಲ್ ಶಾಪಿನ ಗ್ಲಿಸರಿನ್ ಸಾಕಾಗುತ್ತಿದೆ, ಸ್ವಲ್ಪ ನೀರು ಬೆರೆಸಿ ತಿಂಗಳಿಗೊಮ್ಮೆ ಒರೆಸುತ್ತೇನೆ. ಕಿಟಕಿ ಗಾಜಿನ ಕಿರಿಕಿರಿ ಸದ್ದು ನಿಂತಿದೆ.

ವೈಪರ್ ಬುಡದಲ್ಲಿ ಮಾತ್ರ ಮೇ ತಿಂಗಳಿಗೇ ಸ್ವಲ್ಪ ಮಂಕಾಯಿತು. ಕೆಳಗಿಂದ ಇಂಜಿನ್ ಶಾಖ, ಮೇಲಿಂದ ಬಿಸಿಲು. ಒಂದು ಕೋಟ್ ಮತ್ತೆ ಕೊಟ್ಟೆ. ಪೇಂಟರ್ ಹೋದ ವಾರ ಬಂದು ಬಂಪರ್ ಮೇಲೆ ಉಗುರು ಎಳೆದು ನೋಡಿದರು, ಏನೂ ಏಳಲಿಲ್ಲ. "ಏನ್ ಹಚ್ಚೀರಿ ಸರ?" ಅಂತ ಕೇಳಿದರು. ಭಾವ ತಮ್ಮ ಸುಮೋದ ಎರಡೂ ಕನ್ನಡಿ ಬಿಚ್ಚಿ ತಂದುಕೊಟ್ಟಿದ್ದಾರೆ, ದೀಪಾವಳಿಯೊಳಗೆ ಬೇಕಂತೆ. ಉಳಿದ ಎಣ್ಣೆ ಬಾಟಲಿಯಲ್ಲಿ ಕೆನೆಗಟ್ಟುತ್ತಿತ್ತು, ಮಗನ ಗೋಲಿಗಳನ್ನು ಒಳಗೆ ಹಾಕಿ ಎಣ್ಣೆಯನ್ನು ಬಾಯಿಯವರೆಗೆ ಏರಿಸಿ ಮುಚ್ಚಿಟ್ಟಿದ್ದೇನೆ. ಒಳಗೆ ಗಾಳಿ ಇಲ್ಲ, ಕೆನೆಯೂ ಇಲ್ಲ.