ಬಾಡಿಗೆ ಟ್ರೇಡ್‌ಲೈನ್ ಬಿಟ್ಟೆ, ಸ್ವಂತ ಖಾತೆಯಿಂದ ಸ್ಕೋರ್ ಏರಿಸಿದೆ

ಕ್ರೆಡಿಟ್ ವರದಿಯಲ್ಲಿ ಕಾಣುವ ಒಂದೊಂದು ಕಾರ್ಡ್ ಅಥವಾ ಸಾಲದ ಖಾತೆಗೆ ಟ್ರೇಡ್‌ಲೈನ್ ಅಂತಾರೆ. ದುಡ್ಡು ಕೊಟ್ಟು ಅಂಥ ಖಾತೆ ಸೇರಿಸಿಕೊಂಡರೆ ಅಮೆರಿಕದಲ್ಲಿ ಕ್ರೆಡಿಟ್ ಸ್ಕೋರ್ ಏರುತ್ತಾ? ಏರುತ್ತೆ. ಆದರೆ ಖಾತೆ ಯಾರದು ಅನ್ನೋದು ಮುಖ್ಯ. ಬೇರೆಯವರ ಹಳೇ ಕಾರ್ಡಿಗೆ ಸುರಿದ ದುಡ್ಡು ನನಗೆ ದಕ್ಕಲಿಲ್ಲ. ನನ್ನದೇ ಹೆಸರಿನ ಸಣ್ಣ ಖಾತೆಗಳಿಗೆ ಹಾಕಿದ್ದು ದಕ್ಕಿತು. "ಐನೂರು ಡಾಲರ್ ಸಾಲದಿಂದ ಏನಾಗುತ್ತೆ ಬಿಡಿ" ಅಂದಿದ್ದ ಗೆಳೆಯರೇ ಈಗ ಫೋನ್ ಮಾಡಿ ಲೆಕ್ಕ ಕೇಳುತ್ತಿದ್ದಾರೆ.

ಶುರುವಿನಲ್ಲಿ ನನ್ನ ಫೈಕೊ 8 (ಫೈಕೊ ಅನ್ನೋ ಕ್ರೆಡಿಟ್ ಸ್ಕೋರಿನ ಒಂದು ಆವೃತ್ತಿ) ಸುಮಾರು 640 ಇತ್ತು. ಇದ್ದದ್ದು ಒಂದೇ ಕಾರ್ಡ್, ಅದರಲ್ಲೂ ಒಮ್ಮೆ 30 ದಿನ ತಡವಾಗಿ ಕಟ್ಟಿದ ದಾಖಲೆ. ಮಧ್ಯವರ್ತಿಯೊಬ್ಬರಿಗೆ ಹತ್ತಿರ ಹತ್ತಿರ 700 ಡಾಲರ್ ಕೊಟ್ಟೆ. ಹನ್ನೆರಡು ವರ್ಷ ಹಳೆಯ, ಇಪ್ಪತ್ತು ಸಾವಿರ ಮಿತಿಯ ಕಾರ್ಡಿಗೆ ನನ್ನನ್ನು ಆಥರೈಸ್ಡ್ ಯೂಸರ್, ಅಂದರೆ ಬೇರೆಯವರ ಕಾರ್ಡಿನಲ್ಲಿ ಹೆಸರು ಸೇರಿಸಿದ ಬಳಕೆದಾರ, ಮಾಡಿದರು. ಕ್ರೆಡಿಟ್ ವರದಿ ಇಡುವ ಬ್ಯೂರೊಗಳು ಮೂರು. ಎಕ್ಸ್‌ಪೀರಿಯನ್‌ನಲ್ಲಿ ಮೂವತ್ತೈದು ಅಂಕ ಏರಿತು, ಟ್ರಾನ್ಸ್‌ಯೂನಿಯನ್‌ನಲ್ಲಿ ಇಪ್ಪತ್ತು. ಈಕ್ವಿಫ್ಯಾಕ್ಸ್‌ನಲ್ಲಿ ಖಾತೆ ಕಾಣಿಸಲೇ ಇಲ್ಲ. ಕೇಳಿದರೆ, ಎರಡು ಕಡೆ ಬಂದರೆ ಒಪ್ಪಂದ ಪೂರೈಸಿದ ಹಾಗೇ ಅಂದರು. ಮುಂದಿನ ತಿಂಗಳು ಕಾರ್ಡಿನ ಯಜಮಾನರು ಅದರಲ್ಲಿ ಜೋರಾಗಿ ಖರ್ಚು ಮಾಡಿದರು. ಆ ಬಾಕಿ ನನ್ನ ವರದಿಗೂ ಬಂದು ಸ್ಕೋರ್ ಇಳಿಯಿತು. ಎರಡು ಸ್ಟೇಟ್‌ಮೆಂಟ್ ಆದ ಮೇಲೆ ನನ್ನ ಹೆಸರು ತೆಗೆದರು, ಇದ್ದಬದ್ದ ಏರಿಕೆಯೂ ಹೋಯಿತು. ಅಷ್ಟರಲ್ಲಿ ಮನೆ ಸಾಲದವರು ವರದಿ ನೋಡಿ "ಈ ಕಾರ್ಡ್ ಯಾರದ್ರೀ? ಇದನ್ನ ಲೆಕ್ಕಕ್ಕೆ ಹಿಡಿಯಲ್ಲ" ಅಂದಿದ್ದರು. 2009ರಲ್ಲಿ ಬಂದ ಫೈಕೊ 8ರಲ್ಲೇ ಇಂಥ ಬಾಡಿಗೆ ಖಾತೆಗಳ ಲಾಭ ತಗ್ಗಿಸುವ ಏರ್ಪಾಡಿದೆ. ಹೆಂಡತಿಯನ್ನು ನನ್ನದೇ ಕಾರ್ಡಿಗೆ ಸೇರಿಸಿದ್ದು ಮಾತ್ರ ಅವಳಿಗೆ ಚೆನ್ನಾಗಿ ಕೈ ಹಿಡಿಯಿತು. ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಆಮೇಲೆ 300 ಡಾಲರ್ ಠೇವಣಿ ಇಟ್ಟು ಸೆಕ್ಯೂರ್ಡ್ ಕಾರ್ಡ್ ತೆಗೆದೆ. ಕ್ರೆಡಿಟ್ ಯೂನಿಯನ್‌ನಲ್ಲಿ (ಸದಸ್ಯರದೇ ಸಹಕಾರಿ ಬ್ಯಾಂಕಿನಂಥದ್ದು) ನನ್ನದೇ ಉಳಿತಾಯದ ಮೇಲೆ 500 ಡಾಲರ್ ಸಾಲ ತಗೊಂಡೆ. ಅವಧಿ ಎಷ್ಟು ಉದ್ದ ಸಿಗುತ್ತೋ ಅಷ್ಟು. ಮೊದಲ ತಿಂಗಳೇ ಬಹುಪಾಲು ತೀರಿಸಿ, ನಲವತ್ತು ಚಿಲ್ಲರೆ ಡಾಲರ್ ಮಾತ್ರ ಬಾಕಿ ಬಿಟ್ಟೆ. ತೀರಿಸಿದಷ್ಟು ಉಳಿತಾಯ ಮತ್ತೆ ಕೈಗೆ ಬಂತು. ಫೈಕೊ ಕಣ್ಣಿಗೆ ಇದು ಹೆಚ್ಚುಕಡಿಮೆ ತೀರಿದ, ಆದರೆ ಇನ್ನೂ ನಡೆಯುತ್ತಿರುವ ಕಂತಿನ ಸಾಲ. ಬೇಕಿದ್ದದ್ದೂ ಅದೇ.

ಮೊದಲ ಕ್ರೆಡಿಟ್ ಯೂನಿಯನ್‌ನಲ್ಲಿ ಇದು ಕೆಟ್ಟಿತು. ಮುಂಚೆಯೇ ಕಟ್ಟಿದ್ದನ್ನು ನೋಡಿ ಅವರು ಮುಂದಿನ ಕಂತಿನ ತಾರೀಕು ಮುಂದೂಡಲಿಲ್ಲ, ಪ್ರತಿ ತಿಂಗಳು ಪೂರ್ತಿ ಕಂತು ಎಳೆದರು. ಕೆಲವೇ ತಿಂಗಳಲ್ಲಿ ಸಾಲ ಮುಚ್ಚಿ, ಬಂದ ಅಂಕ ವಾಪಸ್ ಹೋಯಿತು. ಅದೇ ಸಾಲಕ್ಕೆ ಇನ್ನೊಂದು ಕಡೆ ಹೋದಾಗ ಸಹಿ ಹಾಕುವ ಮುಂಚೆ ಕೌಂಟರ್‌ನಲ್ಲಿ ಒಂದು ಪ್ರಶ್ನೆ ಕೇಳಿದೆ. ಆ ಪ್ರಶ್ನೆಯನ್ನೂ, ಕಾರ್ಡ್ ಮೊದಲೋ ಸಾಲ ಮೊದಲೋ ಅನ್ನೋದನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಕಾರ್ಡಿನ ಬಾಕಿಯನ್ನು ಡ್ಯೂ ಡೇಟ್‌ಗೆ ಕಾಯದೆ, ಸ್ಟೇಟ್‌ಮೆಂಟ್ ಬರುವ ಎರಡು ಮೂರು ದಿನ ಮುಂಚೆಯೇ ಕಟ್ಟುತ್ತೇನೆ. ಐದಾರು ಡಾಲರ್ ಮಾತ್ರ ಬಿಡುತ್ತೇನೆ, ವರದಿಗೆ ಹೋಗುವುದು ಸ್ಟೇಟ್‌ಮೆಂಟಿನ ಬಾಕಿ ತಾನೇ. ಸುಮ್ನೆ ನೋಡೋಣ ಅಂತ ಒಂದು ತಿಂಗಳು ಎರಡು ಕಾರ್ಡಿನಲ್ಲೂ ಸೊನ್ನೆ ತೋರಿಸಿದೆ. ಹದಿನೈದು ಅಂಕ ಬಿತ್ತು! ಮುಂದಿನ ತಿಂಗಳು ಐದು ಡಾಲರ್ ಬಿಟ್ಟೆ, ಅಷ್ಟೂ ವಾಪಸ್ ಬಂತು.

ಮನೆ ಬಾಡಿಗೆ ವರದಿ ಮಾಡಿಸುವ ಸೇವೆಗೂ ದುಡ್ಡು ಕಟ್ಟಿ ನೋಡಿದೆ. ಫೈಕೊ 9ರಿಂದ ಮುಂದೆ ಬಾಡಿಗೆಗೆ ಲೆಕ್ಕ ಉಂಟು. ನನ್ನ ಮನೆ ಸಾಲಕ್ಕೆ ನೋಡಿದ್ದು 2, 4, 5ರಂಥ ಹಳೇ ಆವೃತ್ತಿ, ಅಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ನಿಲ್ಲಿಸಿದೆ.

ವರ್ಷ ಚಿಲ್ಲರೆಯಲ್ಲಿ ಮೂರು ಬ್ಯೂರೊಗಳ ಸ್ಕೋರ್‌ಗಳಲ್ಲಿ ನಡುವಿನದು 720ರ ಆಸುಪಾಸಿಗೆ ಬಂತು. ಮನೆ ಸಾಲದವರು ಹಿಡಿಯುವುದು ಆ ನಡುವಿನದನ್ನೇ ಅಲ್ವಾ. ಸಾಲದ ಬಡ್ಡಿ ಇಪ್ಪತ್ತು ಡಾಲರ್ ಕೂಡ ದಾಟಿಲ್ಲ, ಕಾರ್ಡಿನ ಠೇವಣಿ ವಾಪಸ್ ಬಂದಿದೆ. ಮನೆ ಸಾಲ ಮಂಜೂರಾಗುವವರೆಗೆ ಆ ನಲವತ್ತು ಚಿಲ್ಲರೆ ಡಾಲರ್ ಬಾಕಿಯನ್ನು ಹಾಗೇ ಬಿಟ್ಟಿರುತ್ತೇನೆ.