ಬೋರ್ ನೀರು, ಕಪ್ಪು ಕಾರು

ನಮ್ಮದು ಕಪ್ಪು ಕಾರು. ಮನೆ ಇರುವುದು ಬೆಂಗಳೂರಿನ ನಾಗರಬಾವಿಯಲ್ಲಿ. ಮೊದಲ ಒಂದು ವರ್ಷ ಭಾನುವಾರ ಬೆಳಿಗ್ಗೆ ಬೋರ್‌ವೆಲ್ ನೀರಲ್ಲಿ ಕಾರು ತೊಳೆದು, ಬಿಸಿಲಿಗೆ ಬಿಟ್ಟು, ತಿಂಡಿಗೆ ಒಳಗೆ ಹೋಗುತ್ತಿದ್ದೆ. ತಿರುಗಿ ಬಂದು ನೋಡಿದರೆ ಬಾನೆಟ್ ತುಂಬಾ ಬಿಳಿ ಚುಕ್ಕೆ. ಹನಿ ನಿಂತ ಜಾಗದಲ್ಲೆಲ್ಲ ಒಂದೊಂದು ಉಂಗುರ. ಬೆರಳಾಡಿಸಿದರೆ ಒರಟಾಗಿ ತಗಲುತ್ತಿತ್ತು. ಶಾಂಪೂ ಸರಿಯಿಲ್ಲ ಅಂದುಕೊಂಡು ಮೂರು ಸಲ ಬದಲಾಯಿಸಿದೆ. ತಪ್ಪು ಶಾಂಪೂದಲ್ಲ, ನೀರಿನದು.

ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ ಅಲ್ವಾ, ಇದೂ ಅದೇ. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪು ಪೇಂಟ್ ಮೇಲೆ ಉಳಿಯುತ್ತದೆ. ನೀರಲ್ಲಿ ಕರಗಿದ ಉಪ್ಪು ಎಷ್ಟೆಂದು ಅಳೆಯುವ ಟಿಡಿಎಸ್ ಮೀಟರ್ ಅದ್ದಿದಾಗ ನಮ್ಮ ಬೋರ್ ನೀರು ಲೀಟರಿಗೆ 840 ಮಿಲಿಗ್ರಾಂ ತೋರಿಸಿತು. ಅಂದರೆ ಒಂದು ಲೀಟರ್ ನೀರು ಕಾರಿನ ಮೇಲೇ ಒಣಗಿದರೆ ಮುಕ್ಕಾಲು ಗ್ರಾಮಿಗಿಂತ ಜಾಸ್ತಿ ಉಪ್ಪು ಅಲ್ಲೇ ಕೂರುತ್ತದೆ.

ಕಾವೇರಿ ನೀರಲ್ಲೇ ತೊಳೀರಿ ಅಂದರು ಪಕ್ಕದ ಮನೆಯವರು. ಮನಸ್ಸು ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ, ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಟ್ಯಾಂಕರ್‌ಗೆ ಕಾದ ಆ ದಿನಗಳನ್ನು ನಾನು ಮರೆತಿಲ್ಲ. ಆರ್‌ಓ ಮಷೀನಿನಿಂದ ಹೊರಗೆ ಹೋಗುವ ನೀರು ಹಿಡಿದಿಟ್ಟು ಸುರಿದು ನೋಡಿದೆ. ಚುಕ್ಕೆ ಇನ್ನೂ ಜಾಸ್ತಿಯಾಯಿತು. ಮಷೀನು ತೆಗೆದುಹಾಕಿದ ಉಪ್ಪೆಲ್ಲ ಇರುವುದು ಆ ನೀರಿನಲ್ಲೇ! ಈಗ ಅದು ಬಚ್ಚಲು ತೊಳೆಯುವುದಕ್ಕೆ ಮಾತ್ರ.

ಕೊನೆಗೆ ಕೈ ಹಿಡಿದದ್ದು ಮಳೆ ನೀರು. ತಾರಸಿಯ ಪೈಪಿನ ಕೆಳಗೆ 200 ಲೀಟರಿನ ಡ್ರಮ್ ಇಟ್ಟಿದ್ದೇನೆ. ಮೊದಲ ಮಳೆಯ ನೀರು ಬಿಟ್ಟು, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ ತುಂಬುತ್ತೇನೆ. ಕಾರು ತೊಳೆಯುವುದು ಬೋರ್ ನೀರಲ್ಲೇ. ಕೊನೆಗೆ ಸುರಿಯುವ ಅರ್ಧ ಬಕೆಟ್ ಮಾತ್ರ ಮಳೆ ನೀರು. ಅದನ್ನು ಎರಚಬಾರದು. ಮಗ್ಗಿನಿಂದ ರೂಫ್ ಮೇಲೆ ಮೆಲ್ಲಗೆ, ಧಾರೆಯಾಗಿ ಬಿಡಬೇಕು. ಆಗ ಆ ನೀರು ಕೂತ ಹನಿಗಳನ್ನೂ ಸೇರಿಸಿಕೊಂಡು ಹಾಳೆಯ ಹಾಗೆ ಜಾರಿ ಇಳಿಯುತ್ತದೆ. ಒರೆಸುವ ಕೆಲಸ ಅರ್ಧ ಅಲ್ಲೇ ಮುಗಿಯಿತು.

ಒರೆಸುವುದಕ್ಕೆ ಮೊದಲು ಹಳೆಯ ಬನಿಯನ್, ಪಂಚೆ ಬಳಸುತ್ತಿದ್ದೆ. ಒಂದು ರಾತ್ರಿ ಬೀದಿ ದೀಪದ ಕೆಳಗೆ ನೋಡಿದಾಗ ಬಾಗಿಲ ಮೇಲೆ ಜೇಡರ ಬಲೆಯಂಥ ಗೀರುಗಳು. ಬಹಳ ಬೇಜಾರಾಯಿತು. ಬಟ್ಟೆಯಲ್ಲಿ ಸಿಕ್ಕಿದ ಒಂದೇ ಒಂದು ಮರಳಿನ ಕಣ ಸಾಕು. ಈಗ ದಪ್ಪನೆಯ ಎರಡು ಮೈಕ್ರೋಫೈಬರ್ ಟವೆಲ್ ಇವೆ. ಅವುಗಳ ಲೇಬಲ್ ಕತ್ತರಿಸಿದ್ದೇನೆ, ಅದೂ ಗೀರು ಹಾಕುತ್ತದೆ. ಟವೆಲನ್ನು ಬಾನೆಟ್ ಮೇಲೆ ಅಗಲವಾಗಿ ಹಾಸಿ, ಅಂಗೈಯಿಂದ ಹಗುರವಾಗಿ ಒತ್ತಿ, ಎರಡು ತುದಿ ಹಿಡಿದು ನಮ್ಮ ಕಡೆಗೆ ಎಳೆದುಕೊಂಡರೆ ಸಾಕು. ತಿಕ್ಕಬಾರದು. ಉಳಿದ ತೇವಕ್ಕೆ ಎರಡನೇ ಟವೆಲ್. ರೂಫ್, ಗಾಜು, ಬಾನೆಟ್, ಡಿಕ್ಕಿ, ಆಮೇಲೆ ಬಾಗಿಲು. ಬಾಗಿಲ ಕೆಳಭಾಗಕ್ಕೂ ಚಕ್ರಕ್ಕೂ ಬೇರೆ ಬಟ್ಟೆ. ಟವೆಲ್ ನೆಲಕ್ಕೆ ಬಿತ್ತೋ, ಆ ದಿನ ಮತ್ತೆ ಅದನ್ನು ಮುಟ್ಟಿಸುವುದಿಲ್ಲ.

ಇದೆಲ್ಲ ಬೆಳಿಗ್ಗೆ ಏಳರೊಳಗೆ, ನೆರಳಲ್ಲಿ ಆಗಬೇಕು. ಬಾನೆಟ್ ತಣ್ಣಗಿರಬೇಕು. ಬೇಸಿಗೆಯಲ್ಲಿ ಡ್ರಮ್ ಖಾಲಿಯಾದರೆ ಒಂದೊಂದೇ ಭಾಗ ತೊಳೆದು ತಕ್ಷಣ ಒರೆಸುತ್ತೇನೆ.

ಹಳೆಯ ಚುಕ್ಕೆಗಳಿಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಇಟ್ಟು ತೊಳೆದೆ. ಬಹಳಷ್ಟು ಹೋದವು. ವ್ಯಾಕ್ಸ್ ಹಾಕಿದ್ದರೆ ಅದೂ ಹೋಗುತ್ತದೆ, ಮತ್ತೆ ಹಾಕಬೇಕು. ಪೇಂಟನ್ನೇ ತಿಂದಿದ್ದ ನಾಲ್ಕೈದು ಚುಕ್ಕೆ ಹಾಗೇ ಉಳಿದಿವೆ.

ಒರೆಸಿ ಆದ ಮೇಲೂ ನೀರು ಅಡಗಿರುತ್ತದೆ. ಕನ್ನಡಿಯ ಸಂದಿ, ಬಾಗಿಲ ಹಿಡಿ, ನಂಬರ್ ಪ್ಲೇಟ್ ಹಿಂದೆ, ಪೆಟ್ರೋಲ್ ಮುಚ್ಚಳದ ಒಳಗೆ. ನಾಲ್ಕೂ ಬಾಗಿಲು ತೆಗೆದು ಹೊಸ್ತಿಲು ಒರೆಸುತ್ತೇನೆ. ಆಮೇಲೆ ಬಡಾವಣೆಯಲ್ಲಿ ಒಂದು ಸುತ್ತು ಹೋಗಿ, ಅಲ್ಲಲ್ಲಿ ಮೆಲ್ಲಗೆ ಬ್ರೇಕ್ ಹಾಕುತ್ತೇನೆ. ಒದ್ದೆ ಡಿಸ್ಕ್ ಒಣಗುತ್ತದೆ, ಮೇಲೆ ಕೂತ ತೆಳು ತುಕ್ಕೂ ಉಜ್ಜಿ ಹೋಗುತ್ತದೆ. ಮನೆ ಮುಂದೆ ನಿಲ್ಲಿಸುವಷ್ಟರಲ್ಲಿ ಎರಡೂ ಕನ್ನಡಿಯ ಕೆಳಗೆ ಒಂದೊಂದು ಗೆರೆ ನೀರು ಇಳಿದಿರುತ್ತದೆ. ಅದನ್ನು ಒರೆಸಲು ಸಣ್ಣ ಬಟ್ಟೆಯೊಂದನ್ನು ಸೀಟಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.