ಕಿಡಿ ಹಾರಿಸಿ, ಆಮೇಲೆ ಅಡಗಿಸಿ

ಕರೆಂಟಿನ ಪಾಠ ಮಾಡಿದರೆ ಮಕ್ಕಳು ಆಕಳಿಸುತ್ತಾರೆ. ಕಿಡಿ ತೋರಿಸಿದರೆ ಬೆಂಚು ಹತ್ತಿ ನಿಲ್ಲುತ್ತಾರೆ. ಅದಕ್ಕೇ ನಮ್ಮ ಹೈಸ್ಕೂಲಿನಲ್ಲಿ ನಾನು ಶುರು ಮಾಡುವುದೇ ಕಿಡಿಯಿಂದ. ಗೋಡೆಯ ಪ್ಲಗ್ಗಿನ ತಂಟೆ ಬೇಡ, ಅಲ್ಲಿರುವುದು 230 ವೋಲ್ಟ್. 1.5 ವೋಲ್ಟಿನ ನಾಲ್ಕು ಪೆನ್ ಸೆಲ್, 6 ವೋಲ್ಟಿನ ಒಂದು ರಿಲೇ (ಕರೆಂಟು ಹರಿದಾಗ ತಾನೇ ಬದಲಾಗುವ ಸ್ವಿಚ್ಚು), ಕಬ್ಬಿಣ ಉಜ್ಜುವ ಅರ, ಮೂರು ತುಂಡು ವೈರು ಸಾಕು. ಹತ್ತಿರದಲ್ಲಿ ಪೆಟ್ರೋಲ್, ಸ್ಯಾನಿಟೈಜರ್ ಇರಬಾರದು.

ಸೆಲ್‌ಗಳನ್ನು ಒಂದರ ಹಿಂದೊಂದು ಜೋಡಿಸಿ. ರಿಲೇಗೆ ಐದು ಕಾಲು, ಒಳಗೆ ತಂತಿ ಸುತ್ತಿದ ಕಾಯಿಲ್. ಅದರಲ್ಲಿ ಕಾಯಿಲ್‌ನವು ಯಾವೆರಡು ಅಂತ ಮಲ್ಟಿಮೀಟರಿನಲ್ಲಿ ಹುಡುಕಿ. ನನ್ನ ರಿಲೇಯಲ್ಲಿ ಆ ಜೋಡಿ 100 ಓಮ್ ಆಸುಪಾಸು ರೋಧ ತೋರಿಸುತ್ತದೆ. ಪ್ಲಸ್ಸಿನ ವೈರು ಕಾಯಿಲ್‌ನ ಒಂದು ಕಾಲಿಗೆ, ಇನ್ನೊಂದು ಕಾಲಿನಿಂದ ಅರಕ್ಕೆ. ಮೈನಸ್ಸಿನ ವೈರಿನ ತುದಿಯನ್ನು ಅರದ ಮೇಲೆ ಗೀರಿ. ಲೈಟ್ ಆರಿಸಿದ್ದರೆ ಪುಟ್ಟ ಕಿಡಿಗಳು ಚೆನ್ನಾಗಿ ಕಾಣುತ್ತವೆ.

ಈಗ ರಿಲೇ ಬದಲು ಟಾರ್ಚ್ ಬಲ್ಬು ಹಾಕಿ ಗೀರಿ. ಬಲ್ಬು ಎಳೆಯುವ ಕರೆಂಟು ಜಾಸ್ತಿ, ಕಿಡಿ ಮಾತ್ರ ಕಂಡರೆ ಕಂಡಿತು. ಕಾಯಿಲ್‌ನ ಸ್ವಭಾವವೇ ಬೇರೆ. ಅದರಲ್ಲಿ ಹರಿಯುತ್ತಿರುವ ಕರೆಂಟು ಥಟ್ಟನೆ ನಿಲ್ಲಲು ಒಪ್ಪುವುದಿಲ್ಲ. ವೈರು ಅರದ ಹಲ್ಲಿನಿಂದ ಜಿಗಿದಾಗಲೆಲ್ಲ ಸೆಲ್ಲಿನ ಹತ್ತಾರು ಪಟ್ಟು ವೋಲ್ಟೇಜ್ ಎಬ್ಬಿಸಿ ಗಾಳಿಯಲ್ಲೇ ದಾರಿ ಮಾಡಿಕೊಳ್ಳುತ್ತದೆ. ಕಿಡಿ ಹಾರುವುದು ವೈರು ಮುಟ್ಟಿಸಿದಾಗ ಅಲ್ಲ, ಬಿಡಿಸಿದಾಗ.

ಬರೀ ಆರು ವೋಲ್ಟ್ ಅಲ್ವಾ ಅಂತ ಒಮ್ಮೆ ಕಾಯಿಲ್‌ನ ಎರಡೂ ಕಾಲು ಬರಿಗೈಯಲ್ಲಿ ಹಿಡಿದು ವೈರು ಬಿಡಿಸಿದ್ದೆ. ಚುರ್ರೆಂದಿತು. ಮಕ್ಕಳ ಮುಂದೆ ಸುಮ್ನೆ ಕೆಮ್ಮಿ ಪಾಠ ಮುಂದುವರಿಸಿದೆ.

ಕಿಡಿ ಅಡಗಿಸಲು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ತನ್ನಿ, ಒಂದು ಟೀ ದುಡ್ಡಿಗೆ ಸಿಗುತ್ತದೆ. ಕಾಯಿಲ್‌ನ ಎರಡು ಕಾಲಿಗೆ ಅಡ್ಡಲಾಗಿ ಹಾಕಿ. ಬೆಳ್ಳಿ ಪಟ್ಟಿಯಿರುವ ತುದಿ ಪ್ಲಸ್ ಕಡೆ ಇರಲಿ. ವೈರು ಬಿಡಿಸಿದೊಡನೆ ಕರೆಂಟು ಡಯೋಡ್ ಮೂಲಕ ಸುತ್ತಿ ಸುತ್ತಿ ಸತ್ತುಹೋಗುತ್ತದೆ. ಉಲ್ಟಾ ಹಾಕಿದರೆ ಸೆಲ್ಲೇ ಶಾರ್ಟ್, ಡಯೋಡ್ ಕೈ ಸುಡುತ್ತದೆ.

ಆಟಿಕೆ ಮೋಟಾರನ್ನು ಹಿಂದೆ ಮುಂದೆ ತಿರುಗಿಸಲು ಆರು ಕಾಲಿನ ಡಿಪಿಡಿಟಿ ಸ್ವಿಚ್ಚು ಬೇಕು, ಅಂದರೆ ಎರಡು ದಾರಿಯನ್ನು ಒಟ್ಟಿಗೆ ಬದಲಿಸುವ ಸ್ವಿಚ್ಚು. ನಡುವಿನ ಎರಡು ಕಾಲು ಮೋಟಾರಿಗೆ, ಒಂದು ತುದಿಯ ಎರಡು ಬ್ಯಾಟರಿಗೆ. ಅಲ್ಲಿಂದ ಇನ್ನೊಂದು ತುದಿಯ ಕಾಲುಗಳಿಗೆ ಮೂಲೆಯಿಂದ ಮೂಲೆಗೆ ಎರಡು ವೈರು, ಕತ್ತರಿಯಂತೆ. ಮೋಟಾರಿನೊಳಗೂ ಕಾಯಿಲ್ ಇದೆ, ಕಿಡಿಯೂ ಇದೆ. ಆದರೆ ಇಲ್ಲಿ ಡಯೋಡ್ ಹಾಕಬೇಡಿ. ದಿಕ್ಕು ಬದಲಾದ ಕ್ಷಣ ಅದೇ ಶಾರ್ಟ್ ಮಾಡುತ್ತದೆ. ಬದಲಿಗೆ ಕಿಡಿಯ ಹೊಡೆತ ಹೀರಿಕೊಳ್ಳಲು 104 ಎಂದು ಬರೆದಿರುವ ಸೆರಾಮಿಕ್ ಕೆಪಾಸಿಟರನ್ನು ಮೋಟಾರಿನ ಎರಡು ಕಾಲಿಗೆ ಬೆಸುಗೆ ಹಾಕಿ. ಅದಕ್ಕೆ ಯಾವ ದಿಕ್ಕಾದರೂ ಒಂದೇ.